ಮೆದುಳಿನ ಎಂಆರ್‌ಎಸ್: ವೋಕ್ಸೆಲ್ ಇಡುವುದರಿಂದ ನಂಬಬಹುದಾದ ಸಂಖ್ಯೆಯವರೆಗೆ

ಎಂಆರ್‌ಎಸ್, ಅಂದರೆ ಎಂಆರ್ ಸ್ಪೆಕ್ಟ್ರೋಸ್ಕೊಪಿ: ಎಂಆರ್‌ಐ ಸ್ಕ್ಯಾನರ್‌ನಿಂದಲೇ ಮೆದುಳಿನ ಒಂದು ಪೆಟ್ಟಿಗೆಯಾಕಾರದ ಭಾಗದಲ್ಲಿ (ವೋಕ್ಸೆಲ್) ಯಾವ ರಾಸಾಯನಿಕ (ಮೆಟಬೊಲೈಟ್) ಎಷ್ಟಿದೆ ಎಂದು ಅಳೆಯುವುದು. ಸ್ಪೆಕ್ಟ್ರಮ್ ಎಂಬ ಗ್ರಾಫ್‌ನಲ್ಲಿ ಅವು ತಮ್ಮ ತಮ್ಮ ಜಾಗದಲ್ಲಿ ಪೀಕ್ ಆಗಿ ಏಳುತ್ತವೆ. ಆ ಗ್ರಾಫ್‌ಗೆ ಸಾಫ್ಟ್‌ವೇರ್‌ನಿಂದ ಗೆರೆ ಹೊಂದಿಸಿ ಪ್ರಮಾಣ ತೆಗೆಯುವುದೇ ಫಿಟ್. ಪೋಸ್ಟ್‌ಡಾಕ್ ಸೇರಿ ಮೂರ್ನಾಲ್ಕು ತಿಂಗಳಾದವರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. "ಸ್ಕ್ಯಾನ್ ಆಗಿದೆ, ಫಿಟ್ ಆಗಿದೆ, ಟೇಬಲ್ ಕೂಡ ಬಂದಿದೆ. ಆದ್ರೆ ರೋಗಿಗಳ ಸಂಖ್ಯೆ ಒಂದಕ್ಕೊಂದು ತಾಳೆಯಾಗ್ತಿಲ್ಲ." ಸ್ಪೆಕ್ಟ್ರಮ್ ತೋರಿಸಿ ಅಂದರೆ ಮುಖ ಮುಖ ನೋಡುತ್ತಾರೆ. ಟೇಬಲ್ ನೋಡಿರುತ್ತಾರೆ, ಸ್ಪೆಕ್ಟ್ರಮ್ ನೋಡಿರುವುದಿಲ್ಲ.

ಎಂಆರ್ ಸ್ಪೆಕ್ಟ್ರೋಸ್ಕೊಪಿಯಲ್ಲಿ ಕೆಡುವುದು ಬಹುಪಾಲು ಸ್ಕ್ಯಾನರ್ ಮುಂದೆಯೇ. ಅಲ್ಲಿ ಕೆಟ್ಟದ್ದನ್ನು ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ಬದಲಿಗೆ ಅಂದವಾದ ಗೆರೆ ಎಳೆದು, ಮೂರು ದಶಮಾಂಶದವರೆಗೆ ಸಂಖ್ಯೆ ಕೊಟ್ಟು ಕೂರಿಸುತ್ತದೆ. ಅದಕ್ಕೇ ಹಂತಗಳ ಕ್ರಮ ಮುಖ್ಯ. ಇಲ್ಲಿ ಬರೆದಿರುವುದು 3 ಟೆಸ್ಲಾ ಸ್ಕ್ಯಾನರ್‌ನಲ್ಲಿ, ಒಂದೇ ವೋಕ್ಸೆಲ್‌ನಿಂದ ಮಾಡುವ ಪ್ರೋಟಾನ್ ಎಂಆರ್‌ಎಸ್ ಬಗ್ಗೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಫ್ಯಾಂಟಮ್, ಅಂದರೆ ಪ್ರಮಾಣ ಗೊತ್ತಿರುವ ರಾಸಾಯನಿಕ ತುಂಬಿದ ಪರೀಕ್ಷಾ ಬಾಟಲಿ. ಕಚ್ಚಾ ಡೇಟಾ ಇಡಲು ಜಾಗ. ಫಿಟ್ ಮಾಡಲು ಎಲ್‌ಸಿಮಾಡೆಲ್, ಆಸ್ಪ್ರೇ ಅಥವಾ ಎಫ್‌ಎಸ್‌ಎಲ್-ಎಂಆರ್‌ಎಸ್, ಇವುಗಳಲ್ಲಿ ಯಾವುದಾದರೂ ಒಂದು. ಮೂರೂ ಈಗ ಉಚಿತ. ಚಿತ್ರದಲ್ಲಿ ಅಂಗಾಂಶ ಬೇರ್ಪಡಿಸಲು ಎಸ್‌ಪಿಎಂ ಅಥವಾ ಎಫ್‌ಎಸ್‌ಎಲ್. ಇನ್ನೊಂದು, ಒಂದು ನೋಟ್‌ಬುಕ್. ಕಾಗದದ್ದೇ ಆದರೆ ಒಳ್ಳೆಯದು, ಸ್ಕ್ಯಾನರ್ ಪಕ್ಕದಲ್ಲಿ ಕೂತು ಬರೆಯಲು.

ಹಂತ 1: ಯಾವ ಮೆಟಬೊಲೈಟ್ ಬೇಕು ಎಂದು ಮೊದಲು ತೀರ್ಮಾನಿಸಿ

"ಎಲ್ಲಾ ಅಳೆಯೋಣ, ಆಮೇಲೆ ನೋಡೋಣ" ಎಂಬ ಯೋಜನೆ ಇಲ್ಲಿ ನಡೆಯುವುದಿಲ್ಲ. ವೋಕ್ಸೆಲ್ ಎಷ್ಟು ದೊಡ್ಡದಿರಬೇಕು, ಟಿಇ (ಪಲ್ಸ್ ಕೊಟ್ಟ ಮೇಲೆ ಸಿಗ್ನಲ್ ಓದುವವರೆಗಿನ ಸಮಯ) ಎಷ್ಟು, ಸ್ಕ್ಯಾನ್ ಎಷ್ಟು ನಿಮಿಷ ಎಂಬುದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ.

ಮುಖ್ಯ ಪೀಕ್‌ಗಳ ಜಾಗ ಬಾಯಿಪಾಠ ಆಗಿರಲಿ. ಜಾಗ ಹೇಳುವ ಮಾನ ಪಿಪಿಎಂ, ಅಂದರೆ ಸ್ಕ್ಯಾನರ್ ಫ್ರೀಕ್ವೆನ್ಸಿಯ ಹತ್ತು ಲಕ್ಷದ ಒಂದು ಭಾಗ. ಎನ್‌ಎಎ (ಎನ್-ಅಸಿಟೈಲ್ ಆಸ್ಪರ್ಟೇಟ್, ನರಕೋಶಗಳಲ್ಲಿ ಹೆಚ್ಚಿರುವ ಮೆಟಬೊಲೈಟ್) 2.0 ಪಿಪಿಎಂ, ಕ್ರಿಯೇಟಿನ್ 3.0 ಮತ್ತು 3.9, ಕೋಲಿನ್ 3.2, ಮಯೋ-ಇನಾಸಿಟಾಲ್ 3.5ರ ಆಸುಪಾಸು. ಲ್ಯಾಕ್ಟೇಟ್ 1.3ರಲ್ಲಿ ಎರಡು ಕವಲಾಗಿ ಕಾಣುತ್ತದೆ. ಗ್ಲುಟಮೇಟ್ ಮತ್ತು ಗ್ಲುಟಮೀನ್ 2.1ರಿಂದ 2.5ರ ನಡುವೆ ಒಂದರ ಮೇಲೊಂದು ಬಿದ್ದಿರುತ್ತವೆ. ನೀರು 4.7ರಲ್ಲಿ.

ಕಾಯಿಲೆಯೂ ದಾರಿ ತೋರಿಸುತ್ತದೆ. ಅಲ್‌ಝೈಮರ್ ಅಧ್ಯಯನದಲ್ಲಿ ಎನ್‌ಎಎ ಕಡಿಮೆ, ಮಯೋ-ಇನಾಸಿಟಾಲ್ ಜಾಸ್ತಿ ಆಗುವುದನ್ನು ಹುಡುಕುತ್ತೀರಿ. ಮೈಟೊಕಾಂಡ್ರಿಯಾ ಕಾಯಿಲೆ ಮೆಲಾಸ್‌ನಲ್ಲಿ ಕಣ್ಣು ಲ್ಯಾಕ್ಟೇಟ್ ಮೇಲೆ. ಕ್ಯಾನವಾನ್ ಕಾಯಿಲೆಯಲ್ಲಿ ಎನ್‌ಎಎ ಏರುತ್ತದೆ, ಬೇರೆಡೆ ಇಳಿಯುವುದೇ ವಾಡಿಕೆ. ಐಡಿಎಚ್ ಜೀನ್ ಬದಲಾದ ಗ್ಲಿಯೋಮಾದಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ 2.25 ಪಿಪಿಎಂ ಹತ್ತಿರ ಬರುತ್ತದೆ, ಅಂದರೆ ಗ್ಲುಟಮೇಟ್‌ನ ನೆರಳಲ್ಲಿ. ಸಾಮಾನ್ಯ ಟಿಇ ಇಟ್ಟು ಅದನ್ನು ಹಿಡಿಯುತ್ತೇನೆಂದು ಹೊರಟರೆ ನಿರಾಸೆ ಖಚಿತ.

ಗಾಬಾ (ನರಕೋಶಗಳ ಚಟುವಟಿಕೆ ತಗ್ಗಿಸುವ ರಾಸಾಯನಿಕ) ಬೇಕಾದರೆ ಲೆಕ್ಕವೇ ಬೇರೆ. ಅದರ 3.0 ಪಿಪಿಎಂ ಪೀಕ್ ಕ್ರಿಯೇಟಿನ್ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಮುಚ್ಚಿಹೋದ ಪೀಕನ್ನು ಬೇರ್ಪಡಿಸಿ ತೋರಿಸುವ ಮೆಗಾ-ಪ್ರೆಸ್‌ನಂಥ ಎಡಿಟಿಂಗ್ ವಿಧಾನ, 68 ಮಿಲಿಸೆಕೆಂಡ್ ಟಿಇ, 3 ಸೆಂ.ಮೀ. ಬದಿಯ ವೋಕ್ಸೆಲ್, ಹತ್ತು ನಿಮಿಷಕ್ಕೂ ಜಾಸ್ತಿ ಸಮಯ ಬೇಕು. ಆಗಲೂ ಸಿಗುವುದು ಮ್ಯಾಕ್ರೊಮಾಲಿಕ್ಯೂಲ್ (ಪ್ರೋಟೀನ್‌ನಂಥ ದೊಡ್ಡ ಅಣು) ಬೆರೆತ ಗಾಬಾ. ಅದನ್ನು "ಗಾಬಾ ಪ್ಲಸ್" ಎಂದೇ ಬರೆಯಿರಿ.

ಹಂತ 2: ವೋಕ್ಸೆಲ್ ಗಾತ್ರದ ಲೆಕ್ಕ ಕಾಗದದ ಮೇಲೆ ಮಾಡಿ

ಇಲ್ಲಿ ಎಲ್ಲರೂ ಆಸೆಗೆ ಬೀಳುತ್ತಾರೆ. ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗ) ಚಿಕ್ಕದು, ಹಾಗಾಗಿ ವೋಕ್ಸೆಲ್ ಚಿಕ್ಕದು ಮಾಡೋಣ ಅನ್ನಿಸುತ್ತದೆ. ಒಮ್ಮೆ ಗುಣಾಕಾರ ಮಾಡಿ ನೋಡಿ.

20 ಮಿ.ಮೀ. ಬದಿಯ ಘನ ಅಂದರೆ 8 ಮಿಲಿಲೀಟರ್. ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಸಮಯ) 2 ಸೆಕೆಂಡ್, 128 ಆವರೇಜ್ (ಸರಾಸರಿಗಾಗಿ ಮತ್ತೆ ಮತ್ತೆ ಮಾಡುವ ಅಳತೆ) ಇಟ್ಟರೆ 256 ಸೆಕೆಂಡ್, ಅಂದರೆ 4 ನಿಮಿಷ 16 ಸೆಕೆಂಡ್. ಈಗ ಬದಿಯನ್ನು 10 ಮಿ.ಮೀ. ಮಾಡಿ. ಪರಿಮಾಣ ಎಂಟನೇ ಒಂದಕ್ಕೆ ಇಳಿಯಿತು, ಸಿಗ್ನಲ್ಲೂ ಅಷ್ಟೇ ಇಳಿಯಿತು. ಆವರೇಜ್ ಜಾಸ್ತಿ ಮಾಡಿದರೆ ಲಾಭ ವರ್ಗಮೂಲದಷ್ಟು ಮಾತ್ರ. ಹಳೆಯ ಗುಣಮಟ್ಟ ಬೇಕೆಂದರೆ 64 ಪಟ್ಟು ಸಮಯ: ನಾಲ್ಕೂವರೆ ಗಂಟೆ. ಯಾವ ರೋಗಿ ಮಲಗಿರುತ್ತಾರೆ?

ಚಿಕ್ಕ ರಚನೆ ಬೇಕಾದರೆ ವೋಕ್ಸೆಲ್ ಘನವೇ ಆಗಿರಬೇಕಿಲ್ಲ. ಹಿಪೊಕ್ಯಾಂಪಸ್ ಉದ್ದಕ್ಕೂ ವಾಲಿಸಿದ ಉದ್ದನೆಯ ಪೆಟ್ಟಿಗೆ ಇಡಬಹುದು. ಅದಕ್ಕಿಂತ ಚಿಕ್ಕದು ಬೇಕೆಂದರೆ 3 ಟೆಸ್ಲಾದಲ್ಲಿ ಆ ಪ್ರಶ್ನೆಯನ್ನೇ ಕೈಬಿಡಿ.

ಹಂತ 3: ಸೀಕ್ವೆನ್ಸ್ ಮತ್ತು ಟಿಇ

ಸೀಕ್ವೆನ್ಸ್ ಅಂದರೆ ವೋಕ್ಸೆಲ್‌ನಿಂದ ಸಿಗ್ನಲ್ ತರುವ ಪಲ್ಸ್‌ಗಳ ಕ್ರಮ. ಸೆಮಿ-ಲೇಸರ್, ಪ್ರೆಸ್ ಅಂಥ ಎರಡು. ಸೆಮಿ-ಲೇಸರ್ ನಿಮ್ಮ ಸ್ಕ್ಯಾನರ್‌ನಲ್ಲಿ ಇದ್ದರೆ ಅದನ್ನೇ ಬಳಸಿ. ಪ್ರೆಸ್ ಎಲ್ಲ ಕಡೆ ಸಿಗುತ್ತದೆ ನಿಜ, ಆದರೆ 3 ಟೆಸ್ಲಾದಲ್ಲಿ ಅದಕ್ಕೊಂದು ಕೆಟ್ಟ ಗುಣ ಇದೆ: ಬೇರೆ ಬೇರೆ ಮೆಟಬೊಲೈಟ್‌ಗಳು ಬೇರೆ ಬೇರೆ ಜಾಗದಿಂದ ಬರುತ್ತವೆ.

ಎಷ್ಟು ಬೇರೆ? ಕೋಲಿನ್ 3.2ರಲ್ಲಿ, ಲ್ಯಾಕ್ಟೇಟ್ 1.3ರಲ್ಲಿ. ಅಂತರ 1.9 ಪಿಪಿಎಂ, ಅಂದರೆ 3 ಟೆಸ್ಲಾದಲ್ಲಿ ಸುಮಾರು 240 ಹರ್ಟ್ಜ್. ಜಾಗ ಆರಿಸುವ ರಿಫೋಕಸಿಂಗ್ ಪಲ್ಸ್‌ನ ಬ್ಯಾಂಡ್‌ವಿಡ್ತ್ (ಅದು ಹಿಡಿಯುವ ಫ್ರೀಕ್ವೆನ್ಸಿಯ ವ್ಯಾಪ್ತಿ) 1200 ಹರ್ಟ್ಜ್ ಇದ್ದರೆ ಜಾಗ ಐದನೇ ಒಂದರಷ್ಟು ಸರಿಯುತ್ತದೆ. 20 ಮಿ.ಮೀ. ವೋಕ್ಸೆಲ್‌ನಲ್ಲಿ ಅದು 4 ಮಿ.ಮೀ. ಗಡ್ಡೆಯ ಅಂಚಿನಲ್ಲಿ ವೋಕ್ಸೆಲ್ ಇಟ್ಟಿದ್ದರೆ ಕೋಲಿನ್ ಗಡ್ಡೆಯೊಳಗಿಂದ, ಲ್ಯಾಕ್ಟೇಟ್ ಪಕ್ಕದ ಆರೋಗ್ಯವಂತ ಭಾಗದಿಂದ ಬಂದಿರಬಹುದು. ಅವೆರಡರ ಅನುಪಾತ ತೆಗೆದು ಪೇಪರ್ ಬರೆದರೆ ಏನಾಗುತ್ತೆ, ಊಹಿಸಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ಇದೆ, ಯಾರೂ ಹೇಳಿಕೊಡುವುದಿಲ್ಲ. ಪರದೆ ಮೇಲೆ ಕಾಣುವ ಪೆಟ್ಟಿಗೆ ಯಾವ ಫ್ರೀಕ್ವೆನ್ಸಿಗೆ ಬರೆದದ್ದು? ಆಫ್‌ಸೆಟ್, ಅಂದರೆ ನೀರಿನ ಫ್ರೀಕ್ವೆನ್ಸಿಯಿಂದ ಇಟ್ಟ ಅಂತರ, ಸೊನ್ನೆ ಇದ್ದರೆ ಅದು ನೀರಿನ ಪೆಟ್ಟಿಗೆ, ಎನ್‌ಎಎದ್ದಲ್ಲ. ಮೆಟಬೊಲೈಟ್ ಸ್ಕ್ಯಾನ್‌ಗೆ ನಿಮಗೆ ಬೇಕಾದ ಪೀಕ್‌ಗೆ ಹೊಂದುವಂತೆ ಆಫ್‌ಸೆಟ್ ಕೊಡಿ. ನೀರಿನ ಸ್ಕ್ಯಾನ್‌ಗೆ ಮಾತ್ರ ಮತ್ತೆ ಸೊನ್ನೆಗೆ ತನ್ನಿ. ಆಗ ಎರಡೂ ಒಂದೇ ಜಾಗದಿಂದ ಬರುತ್ತವೆ.

ಟಿಇ ವಿಷಯ ಸುಲಭ. ಮಯೋ-ಇನಾಸಿಟಾಲ್, ಗ್ಲುಟಮೇಟ್ ಬೇಕಾದರೆ 30 ಮಿಲಿಸೆಕೆಂಡ್ ಆಸುಪಾಸು. ಲ್ಯಾಕ್ಟೇಟ್ ಹೌದೋ ಅಲ್ಲವೋ ಎಂದು ಖಚಿತ ಮಾಡಬೇಕಾದರೆ 144, ಆಗ ಅದು ತಲೆಕೆಳಗಾಗುತ್ತದೆ, ಅದೇ ಜಾಗದ ಕೊಬ್ಬು ತಲೆಕೆಳಗಾಗುವುದಿಲ್ಲ. ಆದರೆ ಪ್ರೆಸ್‌ನಲ್ಲಿ ಮೇಲೆ ಹೇಳಿದ ಜಾಗ ಸರಿಯುವಿಕೆಯಿಂದಾಗಿ 144ರಲ್ಲಿ ಲ್ಯಾಕ್ಟೇಟ್‌ನ ಒಂದು ಪಾಲು ತನ್ನನ್ನೇ ಅಳಿಸಿಕೊಳ್ಳುತ್ತದೆ. "ಲ್ಯಾಕ್ಟೇಟ್ ಇಲ್ಲ" ಎಂದು ಬರೆಯುವ ಮೊದಲು 288ರಲ್ಲಿ ಒಮ್ಮೆ ನೋಡಿ.

ಹಂತ 4: ಫ್ಯಾಂಟಮ್

ರೋಗಿಯನ್ನು ಕರೆಯುವ ಮೊದಲು ಅದೇ ಪ್ರೋಟೊಕಾಲ್ ಫ್ಯಾಂಟಮ್ ಮೇಲೆ ಓಡಿಸಿ, ಇಡೀ ವಿಶ್ಲೇಷಣೆ ಮುಗಿಸಿ, ಬಾಟಲಿ ಮೇಲೆ ಬರೆದಿರುವ ಪ್ರಮಾಣ ಬರುತ್ತದೆಯೇ ನೋಡಿ. ಫ್ಯಾಂಟಮ್ ಕೋಣೆಯ ತಾಪಮಾನದಲ್ಲಿರುತ್ತದೆ. ಪ್ರತಿ ಡಿಗ್ರಿಗೆ ನೀರಿನ ಪೀಕ್ ಸುಮಾರು 0.01 ಪಿಪಿಎಂ ಸರಿಯುತ್ತದೆ. ಹಾಗಾಗಿ ಪೀಕ್‌ಗಳೆಲ್ಲ ಒಟ್ಟಾಗಿ 0.1ರಿಂದ 0.2 ಪಿಪಿಎಂ ಪಕ್ಕಕ್ಕೆ ಜರುಗಿದಂತೆ ಕಂಡರೆ ಹೆದರಬೇಡಿ.

ಆಮೇಲೆ ಇಬ್ಬರು ಮೂವರು ಆರೋಗ್ಯವಂತರನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿ. ಎದ್ದು ಓಡಾಡಿ ಮತ್ತೆ ಮಲಗಿದಾಗ ಸಂಖ್ಯೆ ಎಷ್ಟು ಬದಲಾಗುತ್ತದೆ? ನೀವು ಹುಡುಕುತ್ತಿರುವ ವ್ಯತ್ಯಾಸ ಅದಕ್ಕಿಂತ ಚಿಕ್ಕದಾಗಿದ್ದರೆ ಇಲ್ಲೇ ನಿಂತು ಯೋಚಿಸಿ.

ಹಂತ 5: ಸ್ಕ್ಯಾನ್ ದಿನ, ಕ್ರಮ ತಪ್ಪದೆ

ಮೊದಲು 3ಡಿ ಟಿ1 ಚಿತ್ರ, ಅಂದರೆ ಮೆದುಳಿನ ರಚನೆ ತೋರಿಸುವ ಎಂಆರ್‌ಐ. ತಕ್ಷಣ ಎಂಆರ್‌ಎಸ್. ಎಫ್‌ಎಂಆರ್‌ಐ, ಡಿಫ್ಯೂಷನ್ ಎಲ್ಲ ಆಮೇಲೆ. ಆ ಸ್ಕ್ಯಾನ್‌ಗಳು ಗ್ರೇಡಿಯೆಂಟ್‌ಗಳನ್ನು (ಸ್ಕ್ಯಾನರ್‌ನೊಳಗಿನ ಸುರುಳಿಗಳು) ಬಿಸಿ ಮಾಡುತ್ತವೆ. ಅದು ತಣ್ಣಗಾಗುವವರೆಗೆ ಫ್ರೀಕ್ವೆನ್ಸಿ ನಿಧಾನವಾಗಿ ಜಾರುತ್ತಲೇ ಇರುತ್ತದೆ. ಪೀಕ್ ಅಗಲವಾಗುತ್ತದೆ. ಗಾಬಾ ಎಡಿಟಿಂಗ್ ಆದರಂತೂ ಎಡಿಟಿಂಗ್ ಪಲ್ಸ್ ಗುರಿಯೇ ತಪ್ಪುತ್ತದೆ. ಗ್ಯಾಡೊಲಿನಿಯಂ (ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್) ಕೊಡುವುದಿದ್ದರೆ ಅದೂ ಎಂಆರ್‌ಎಸ್ ಆದ ಮೇಲೆ.

*ವೋಕ್ಸೆಲ್ ಇಡುವುದು.* ಮೂರೂ ದಿಕ್ಕಿನ ಚಿತ್ರದಲ್ಲಿ ನೋಡಿ ಇಡಿ. ಒಂದರಲ್ಲಿ ಚೆನ್ನಾಗಿ ಕಂಡ ಪೆಟ್ಟಿಗೆ ಇನ್ನೊಂದರಲ್ಲಿ ತಲೆಬುರುಡೆಯ ಕೊಬ್ಬಿಗೆ ತಾಗಿರುತ್ತದೆ. ಕೊಬ್ಬಿನಿಂದ ಒಂದು ಸೆಂ.ಮೀ. ದೂರ ಇರಲಿ. ಸೈನಸ್‌ನ ಗಾಳಿ, ವೆಂಟ್ರಿಕಲ್, ದೊಡ್ಡ ರಕ್ತನಾಳ ಇವುಗಳಿಂದಲೂ ದೂರ. ಹೊರಗಿನ ಸಿಗ್ನಲ್ ಅಡಗಿಸುವ ಪಟ್ಟಿಗಳನ್ನು ವೋಕ್ಸೆಲ್‌ಗೆ ಅಂಟಿಸಿ ಇಡಬೇಡಿ, ಸ್ವಲ್ಪ ಸಂದು ಬಿಡಿ. ಇಟ್ಟ ಮೇಲೆ ಪರದೆಯ ಚಿತ್ರ ಉಳಿಸಿಕೊಳ್ಳಿ. ಆರು ತಿಂಗಳ ನಂತರ ಅದೇ ರೋಗಿ ಬಂದಾಗ ಗೊತ್ತಾಗುತ್ತೆ ಇದರ ಬೆಲೆ.

*ಶಿಮ್.* ವೋಕ್ಸೆಲ್‌ನಲ್ಲಿ ಕಾಂತಕ್ಷೇತ್ರವನ್ನು ಸಮನಾಗಿಸುವುದು. ಇಡೀ ದಿನದಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ. ನೀರಿನ ಪೀಕ್‌ನ ಅರ್ಧ ಎತ್ತರದಲ್ಲಿ ಅಗಲ ಎಷ್ಟು ಹರ್ಟ್ಜ್ ಎಂದು ಓದಿ ಬರೆದುಕೊಳ್ಳಿ. ನಾನು ಇಟ್ಟುಕೊಂಡ ಮಿತಿ 0.1 ಪಿಪಿಎಂ, ಅಂದರೆ ಸುಮಾರು 13 ಹರ್ಟ್ಜ್. ಪೋಸ್ಟೀರಿಯರ್ ಸಿಂಗ್ಯುಲೇಟ್‌ನಲ್ಲಿ ಇದು ಆರಾಮಾಗಿ ಸಿಗುತ್ತದೆ. ಹಿಪೊಕ್ಯಾಂಪಸ್‌ನಲ್ಲಿ, ಹಣೆಯ ಹಿಂದೆ ಸೈನಸ್ ಮೇಲಿನ ಭಾಗದಲ್ಲಿ ಬೆವರಿಳಿಸುತ್ತದೆ. ಆಟೊಮ್ಯಾಟಿಕ್ ಶಿಮ್ ಒಮ್ಮೆ ಸೋತರೆ ಮತ್ತೆ ಓಡಿಸಿ. ಎರಡನೇ ಸಲವೂ ಆಗದಿದ್ದರೆ ವೋಕ್ಸೆಲ್ ಎರಡು ಮೂರು ಮಿ.ಮೀ. ಸರಿಸಿ ನೋಡಿ. "ಪರವಾಗಿಲ್ಲ, ಫಿಟ್‌ನಲ್ಲಿ ನೋಡ್ಕೋಣ" ಎಂದು ಮುಂದೆ ಹೋದ ಡೇಟಾವನ್ನು ನಾನು ಕಸದಬುಟ್ಟಿಗೆ ಹಾಕಿದ್ದೇ ಜಾಸ್ತಿ.

*ನೀರು ಅಡಗಿಸುವುದು.* ಮೆದುಳಿನ ನೀರಿನ ಸಿಗ್ನಲ್ ಮೆಟಬೊಲೈಟ್‌ಗಳಿಗಿಂತ ಸಾವಿರಾರು ಪಟ್ಟು ದೊಡ್ಡದು. ವೇಪರ್ ಅಥವಾ ಚೆಸ್ ಸರಿಯಾಗಿ ಹೊಂದಿಸಿದ ಮೇಲೂ ಸ್ವಲ್ಪ ಉಳಿಯುತ್ತದೆ, ಅದು ಸಹಜ. 4.7ರಿಂದ ಶುರುವಾದ ಇಳಿಜಾರು 3.5ರವರೆಗೂ ಬಂದರೆ ನಿಲ್ಲಿಸಿ, ಮತ್ತೆ ಹೊಂದಿಸಿ.

*ನೀರಿನ ರೆಫರೆನ್ಸ್.* ಮರೆತುಹೋಗುವುದು ಇದೇ. ಅದೇ ವೋಕ್ಸೆಲ್, ಅದೇ ಶಿಮ್, ಅದೇ ರಿಸೀವರ್ ಗೇನ್, ಅದೇ ಟಿಇ. ನೀರು ಅಡಗಿಸುವ ಆರ್‌ಎಫ್ ಪಲ್ಸ್ ಮಾತ್ರ ಬಂದ್. ಎಂಟು ಆವರೇಜ್ ಸಾಕು, ಅರ್ಧ ನಿಮಿಷವೂ ಬೇಡ. ಪ್ರಮಾಣ ಲೆಕ್ಕಕ್ಕೂ ಎಡ್ಡಿ ಕರೆಂಟ್ (ಗ್ರೇಡಿಯೆಂಟ್ ಬದಲಾದಾಗ ಹುಟ್ಟುವ ಬೇಡದ ವಿದ್ಯುತ್) ತಂದ ದೋಷ ಸರಿಪಡಿಸಲೂ ಇದೊಂದೇ ಆಧಾರ. ರೋಗಿ ಎದ್ದು ಹೋದ ಮೇಲೆ ಇದನ್ನು ಮತ್ತೆ ತರಲು ಆಗುವುದಿಲ್ಲ.

ರೋಗಿಗೆ ಕೊಟ್ಟ ಔಷಧಿಗಳ ಪಟ್ಟಿಯನ್ನೂ ನೋಟ್‌ಬುಕ್‌ಗೆ ಏರಿಸಿ. ಒಮ್ಮೆ ನಾವು ಒಂದು ಮಗುವಿನ ಸ್ಪೆಕ್ಟ್ರಮ್‌ನಲ್ಲಿ 1.1 ಪಿಪಿಎಂ ಹತ್ತಿರ ಜೋಡಿ ಪೀಕ್ ನೋಡಿ ಲ್ಯಾಕ್ಟೇಟೇ ಸ್ವಲ್ಪ ಸರಿದಿದೆ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡೆವು. ಅದು ಪ್ರೊಪಿಲೀನ್ ಗ್ಲೈಕಾಲ್, ಮೂರ್ಛೆಯ ಸೆಳೆತ ನಿಲ್ಲಿಸಲು ಕೊಟ್ಟ ಇಂಜೆಕ್ಷನ್ ಬೆರೆಸಿದ ದ್ರಾವಣ.

ಹಂತ 6: ಕಚ್ಚಾ ಡೇಟಾ ಅದೇ ದಿನ ಎತ್ತಿಡಿ

ಸೀಮೆನ್ಸ್ ಆದರೆ ಟ್ವಿಕ್ಸ್ ಫೈಲ್, ಜಿಇ ಆದರೆ ಪಿ-ಫೈಲ್, ಫಿಲಿಪ್ಸ್ ಆದರೆ ಡೇಟಾ-ಲಿಸ್ಟ್ ಜೋಡಿ. ಡೈಕಾಮ್ (ಆಸ್ಪತ್ರೆಗಳಲ್ಲಿ ಬಳಸುವ ಸಾಮಾನ್ಯ ಚಿತ್ರದ ಫೈಲ್) ಮಾತ್ರ ಇಟ್ಟುಕೊಂಡರೆ ಒಂದೊಂದು ಆವರೇಜ್ ಬೇರೆಯಾಗಿ ಸಿಗದೇ ಹೋಗಬಹುದು. ಆಗ ರೋಗಿ ಮಧ್ಯದಲ್ಲಿ ಅಲುಗಾಡಿದ್ದು ಗೊತ್ತೇ ಆಗುವುದಿಲ್ಲ. ಕಚ್ಚಾ ಡೇಟಾ ಸ್ಕ್ಯಾನರ್‌ನಲ್ಲಿ ಕಾಯುತ್ತಾ ಕೂರುವುದಿಲ್ಲ. ಹೊಸ ಸ್ಕ್ಯಾನ್ ಬಂದ ಹಾಗೆ ಹಳೆಯದು ಅಳಿಯುತ್ತದೆ. ಸೋಮವಾರ ತಗೊಂಡ್ರೆ ಆಯ್ತು ಅನ್ನಬೇಡಿ.

ಹಂತ 7: ಫಿಟ್‌ಗೆ ಮೊದಲು ಕಣ್ಣಲ್ಲಿ ನೋಡಿ

ಸ್ಪೆಕ್ 2 ನಿಫ್ಟಿ ಎಂಬ ಸಾಫ್ಟ್‌ವೇರ್ ಬಳಸಿ ಡೇಟಾವನ್ನು ನಿಫ್ಟಿ-ಎಂಆರ್‌ಎಸ್ ಎಂಬ ಫೈಲ್ ರೂಪಕ್ಕೆ ಬದಲಿಸಿ, ಒಂದೊಂದು ಆವರೇಜನ್ನೂ ಒಂದರ ಕೆಳಗೆ ಒಂದು ಹಾಸಿ ನೋಡಿ. ಎನ್‌ಎಎ ಗೆರೆ ನೇರ ಇದೆಯೇ, ಓರೆಯಾಗಿ ಜಾರುತ್ತಿದೆಯೇ, ಮಧ್ಯದಲ್ಲಿ ಮುರಿದಿದೆಯೇ? ಓರೆ ಇದ್ದರೆ ಸ್ಪೆಕ್ಟ್ರಲ್ ರಿಜಿಸ್ಟ್ರೇಷನ್ (ಆವರೇಜ್‌ಗಳನ್ನು ಒಂದಕ್ಕೊಂದು ಹೊಂದಿಸುವ ವಿಧಾನ) ಸರಿಮಾಡುತ್ತದೆ. ಮುರಿದಿದ್ದರೆ ಅದು ರೋಗಿ ಅಲುಗಾಡಿದ ಕ್ಷಣ. ಆ ಆವರೇಜ್‌ಗಳನ್ನು ತೆಗೆಯಿರಿ. ಎಲ್ಲವನ್ನೂ ಕೂಡಿಸಿದ ಮೇಲೆ ಇದೊಂದೂ ಕಾಣುವುದಿಲ್ಲ.

ಕೂಡಿಸಿದ ಸ್ಪೆಕ್ಟ್ರಮ್‌ನಲ್ಲಿ ಈ ಮೂರು ಕಂಡರೆ ಮುಂದೆ ಹೋಗಬೇಡಿ. ಒಂದು, ಕೋಲಿನ್ ಮತ್ತು ಕ್ರಿಯೇಟಿನ್ ನಡುವಿನ ಕಣಿವೆ ಮುಚ್ಚಿಹೋಗಿರುವುದು: ಶಿಮ್ ಕೆಟ್ಟಿದೆ. ಎರಡು, 0.9ರಿಂದ 1.3ರವರೆಗೆ ಎದ್ದ ದೊಡ್ಡ ದಿಬ್ಬ: ತಲೆಬುರುಡೆಯ ಕೊಬ್ಬು ನುಗ್ಗಿದೆ. ಗಡ್ಡೆಯಲ್ಲಿ ನಿಜವಾದ ಲಿಪಿಡ್ ಕೂಡ ಹೀಗೇ ಕಾಣಬಹುದು, ಅದಕ್ಕೇ ವೋಕ್ಸೆಲ್‌ನ ಚಿತ್ರ ಉಳಿಸಿಕೊಳ್ಳಿ ಅಂದದ್ದು. ಮೂರು, ಅಲೆಅಲೆಯಾಗಿ ಎದ್ದು ಬೀಳುವ ಗೆರೆಗಳು: ಇದು ಗೋಸ್ಟ್, ವೋಕ್ಸೆಲ್‌ನಿಂದ ದೂರ, ಸಾಮಾನ್ಯವಾಗಿ ಸೈನಸ್ ಕಡೆಯಿಂದ ಬಂದ ಸುಳ್ಳು ಸಿಗ್ನಲ್. ಅದರ ಮೇಲೆ ಫಿಟ್ ಮಾಡಿದರೆ ಮಯೋ-ಇನಾಸಿಟಾಲ್ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಹಂತ 8: ಫಿಟ್

ಬೇಸಿಸ್ ಸೆಟ್, ಅಂದರೆ ಪ್ರತಿ ಮೆಟಬೊಲೈಟ್‌ನ ಮಾದರಿ ಸ್ಪೆಕ್ಟ್ರಮ್‌ಗಳ ಗುಂಪು, ನಿಮ್ಮ ಸೀಕ್ವೆನ್ಸ್‌ಗೆ, ನಿಮ್ಮ ಟಿಇಗೆ, ನಿಮ್ಮ ಫೀಲ್ಡ್‌ಗೆ ಮಾಡಿದ್ದೇ ಆಗಿರಬೇಕು. ಪ್ರೆಸ್ 30ರ ಬೇಸಿಸ್ ಹಾಕಿ ಸೆಮಿ-ಲೇಸರ್ ಡೇಟಾ ಫಿಟ್ ಮಾಡಿದರೆ ಎಲ್‌ಸಿಮಾಡೆಲ್ ಎರರ್ ಕೊಡುವುದಿಲ್ಲ. ಸುಮ್ನೆ ತಪ್ಪು ಸಂಖ್ಯೆ ಕೊಡುತ್ತದೆ. ಲ್ಯಾಬ್‌ನಲ್ಲಿ ಹಳಬರು ಬಿಟ್ಟುಹೋದ ಬೇಸಿಸ್ ಫೈಲ್ ಎತ್ತಿಕೊಳ್ಳುವ ಮೊದಲು ಅದು ಯಾವುದಕ್ಕೆ ಮಾಡಿದ್ದು ಎಂದು ನೋಡಿ.

ಬೇಸಿಸ್‌ನಲ್ಲಿ ಇಲ್ಲದ ಮೆಟಬೊಲೈಟ್ ಮಾಯವಾಗುವುದಿಲ್ಲ, ನೆರೆಯವರ ಖಾತೆಗೆ ಜಮಾ ಆಗುತ್ತದೆ. ಗ್ಲೈಸಿನ್ ಬಿಟ್ಟರೆ ಅದರ 3.55ರ ಪೀಕ್ ಪೂರ್ತಿ ಮಯೋ-ಇನಾಸಿಟಾಲ್ ಎಂದು ಎಣಿಕೆಯಾಗುತ್ತದೆ.

ಫಿಟ್ ಆದ ಮೇಲೆ ಉಳಿದ ಗೆರೆ, ಅಂದರೆ ರೆಸಿಡ್ಯುಯಲ್, ಬರೀ ನಾಯ್ಸ್‌ನಂತೆ ಕಾಣಬೇಕು. ಅದರಲ್ಲಿ ಪೀಕ್ ಆಕಾರ ಉಳಿದಿದ್ದರೆ ಏನೋ ತಪ್ಪಿದೆ. ಬೇಸ್‌ಲೈನ್ ಹಾವಿನ ಹಾಗೆ ಹೊರಳಾಡಿದರೂ ಅಷ್ಟೇ. 3 ಟೆಸ್ಲಾದಲ್ಲಿ ಎನ್‌ಎಎ ಮತ್ತು ಅದರ ಪಕ್ಕದಲ್ಲೇ ಬರುವ ಸಂಬಂಧಿ ಎನ್‌ಎಎಜಿಯನ್ನು ಬೇರೆ ಬೇರೆಯಾಗಿ ನಂಬುವುದು ಕಷ್ಟ. ಎರಡರ ಮೊತ್ತ ಕೊಡಿ.

ಹಂತ 9: ಸಂಖ್ಯೆಗೆ ಅರ್ಥ ಬರುವುದು ಇಲ್ಲಿ

ಮೊದಲ ಪ್ಯಾರಾದ ದೂರು ಹುಟ್ಟುವುದು ಹೆಚ್ಚಾಗಿ ಇದೇ ಹಂತದಲ್ಲಿ. ಕಾರಣ ಮೆದುಳುದ್ರವ, ಅಂದರೆ ಸಿಎಸ್‌ಎಫ್. ಅದರಲ್ಲಿ ಎನ್‌ಎಎ ಇಲ್ಲವೆಂದೇ ಲೆಕ್ಕ. ಆದರೆ ವೋಕ್ಸೆಲ್‌ನಲ್ಲಿ ಜಾಗ ಹಿಡಿದಿರುತ್ತದೆ.

ಒಂದು ಲೆಕ್ಕ ನೋಡೋಣ, ಸಂಖ್ಯೆಗಳು ಸುಮ್ನೆ ಉದಾಹರಣೆಗೆ. ಆರೋಗ್ಯವಂತರ ವೋಕ್ಸೆಲ್‌ನಲ್ಲಿ ಶೇ. 10 ಸಿಎಸ್‌ಎಫ್, ಎನ್‌ಎಎ 9.0 ಬಂತು. ರೋಗಿಯ ಮೆದುಳು ಕುಗ್ಗಿದೆ, ಶೇ. 28 ಸಿಎಸ್‌ಎಫ್, ಎನ್‌ಎಎ 7.2 ಬಂತು. ಶೇ. 20 ಕುಸಿತ! ಪೋಸ್ಟರ್ ಬರೆಯಲು ಕೈ ತುರಿಸುತ್ತದೆ. ಈಗ 9.0ನ್ನು 0.90ರಿಂದ ಭಾಗಿಸಿ: 10. 7.2ನ್ನು 0.72ರಿಂದ ಭಾಗಿಸಿ: ಅದೂ 10. ಉಳಿದ ಅಂಗಾಂಶದಲ್ಲಿ ಎನ್‌ಎಎ ಒಂದಿಷ್ಟೂ ಕಡಿಮೆಯಾಗಿಲ್ಲ. ನೀವು ಕಂಡುಹಿಡಿದದ್ದು ಮೆದುಳು ಕುಗ್ಗಿದ್ದನ್ನು, ಅದು ಟಿ1 ಚಿತ್ರದಲ್ಲೇ ಕಾಣುತ್ತಿತ್ತು.

ಹಾಗಾಗಿ ವೋಕ್ಸೆಲ್ ಪೆಟ್ಟಿಗೆಯನ್ನು ಟಿ1 ಚಿತ್ರದ ಮೇಲೆ ಕೂರಿಸಿ, ಬೂದು ಭಾಗ, ಬಿಳಿ ಭಾಗ, ಸಿಎಸ್‌ಎಫ್ ಎಷ್ಟೆಷ್ಟು ಎಂದು ಪ್ರತಿಯೊಬ್ಬರಿಗೂ ಲೆಕ್ಕ ಹಾಕಿ. ಕೂರಿಸಿದ ಪೆಟ್ಟಿಗೆಯನ್ನು ಪರದೆಯಲ್ಲಿ ಉಳಿಸಿದ ಚಿತ್ರದ ಜೊತೆ ಹೋಲಿಸಿ. ಎಡ ಬಲ ಅದಲುಬದಲಾಗುವುದು ಅಪರೂಪವೇನಲ್ಲ.

ನೀರನ್ನು ಅಳತೆಗೋಲು ಮಾಡಿಕೊಂಡರೆ ಇನ್ನೊಂದು ತಿರುವು ಇದೆ. ಸಿಎಸ್‌ಎಫ್‌ನಲ್ಲಿ ಮೆಟಬೊಲೈಟ್ ಇಲ್ಲದಿದ್ದರೂ ನೀರು ತುಂಬಿದೆ. ಬೂದು, ಬಿಳಿ ಭಾಗಗಳ ನೀರಿನ ಪ್ರಮಾಣವೂ ಒಂದೇ ಅಲ್ಲ, ಟಿ1, ಟಿ2 (ಸಿಗ್ನಲ್ ಮರಳುವ ಮತ್ತು ಕ್ಷೀಣಿಸುವ ಸಮಯ) ಕೂಡ ಬೇರೆ. ಎಲ್‌ಸಿಮಾಡೆಲ್ ತಾನಾಗಿ ಇಟ್ಟುಕೊಳ್ಳುವ ನೀರಿನ ಸಾಂದ್ರತೆ 35880 ಮಿಲಿಮೋಲಾರ್, ಅದು ಬಿಳಿ ಭಾಗಕ್ಕೆ ಹೊಂದುವ ಸಂಖ್ಯೆ. ಬೂದು ಭಾಗದ ವೋಕ್ಸೆಲ್‌ಗೂ ಅದನ್ನೇ ಬಿಟ್ಟವರು ಎಷ್ಟೋ ಜನ. ಆಸ್ಪ್ರೇ ಅಥವಾ ಎಫ್‌ಎಸ್‌ಎಲ್-ಎಂಆರ್‌ಎಸ್‌ಗೆ ಅಂಗಾಂಶದ ಪಾಲು ಕೊಟ್ಟರೆ ಈ ತಿದ್ದುಪಡಿ ಅವೇ ಮಾಡುತ್ತವೆ.

"ಇಷ್ಟೆಲ್ಲ ಯಾಕೆ, ಕ್ರಿಯೇಟಿನ್‌ನಿಂದ ಭಾಗಿಸಿಬಿಡೋಣ" ಅನ್ನುವವರಿದ್ದಾರೆ. ಸಿಎಸ್‌ಎಫ್ ಸಮಸ್ಯೆ ಅದರಿಂದ ತಪ್ಪುತ್ತದೆ, ನಿಜ. ಆದರೆ ಕ್ರಿಯೇಟಿನ್ ಕಾಯಿಲೆಯಲ್ಲಿ ಬದಲಾಗುವುದಿಲ್ಲ ಎಂದು ಯಾರು ಹೇಳಿದರು? ಕ್ರಿಯೇಟಿನ್ ಕೊರತೆಯ ಆನುವಂಶಿಕ ಕಾಯಿಲೆಗಳಲ್ಲಿ ಆ ಪೀಕ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅನುಪಾತ ಕೊಡಿ, ಜೊತೆಗೆ ಕ್ರಿಯೇಟಿನ್ ಒಂದನ್ನೇ ಎರಡೂ ಗುಂಪಿನಲ್ಲಿ ಹೋಲಿಸಿಯೂ ತೋರಿಸಿ.

ಹಂತ 10: ಯಾವುದನ್ನು ಬಿಡಬೇಕು

ಕ್ರಾಮರ್-ರಾವ್ ಮಿತಿ (ಫಿಟ್ ಕೊಟ್ಟ ಸಂಖ್ಯೆಯಲ್ಲಿ ಕನಿಷ್ಠ ಎಷ್ಟು ಅನಿಶ್ಚಿತತೆ ಇದೆ ಎಂಬ ಅಂದಾಜು) ಶೇ. 20 ದಾಟಿದ್ದನ್ನೆಲ್ಲ ತೆಗೆದುಹಾಕುವ ಹಳೆಯ ರೂಢಿ ಇದೆ. ಅದನ್ನು ಮಾಡಬೇಡಿ. ಆ ಶೇಕಡಾ ಲೆಕ್ಕ ಹಾಕುವುದು ಸಿಕ್ಕ ಪ್ರಮಾಣದ ಮೇಲೆ. ಗಡ್ಡೆಯಲ್ಲಿ ಎನ್‌ಎಎ ನಿಜವಾಗಿ ಕಡಿಮೆಯಾದಾಗ ಶೇಕಡಾ ತಾನಾಗಿ ಏರುತ್ತದೆ. ತೆಗೆದುಹಾಕಿದರೆ ಎನ್‌ಎಎ ಚೆನ್ನಾಗಿರುವ ರೋಗಿಗಳು ಮಾತ್ರ ಉಳಿಯುತ್ತಾರೆ, ಗುಂಪಿನ ಸರಾಸರಿ ಸುಳ್ಳಾಗುತ್ತದೆ.

ಬಿಡುವುದಾದರೆ ಪೀಕ್ ಅಗಲ, ಸಿಗ್ನಲ್-ನಾಯ್ಸ್ ಅನುಪಾತ, ಕಣ್ಣಿಗೆ ಕಂಡ ಕೊಬ್ಬು ಮತ್ತು ಗೋಸ್ಟ್ ನೋಡಿ ಬಿಡಿ. ಯಾರು ರೋಗಿ, ಯಾರು ಆರೋಗ್ಯವಂತ ಎಂದು ಗೊತ್ತಿಲ್ಲದವರ ಕೈಯಲ್ಲಿ ಈ ಕೆಲಸ ಮಾಡಿಸಿ. ಎಷ್ಟು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಬರೆದಿಡಿ. ರೋಗಿಗಳ ಗುಂಪಿನಲ್ಲೇ ಜಾಸ್ತಿ ಬಿಟ್ಟುಹೋಗಿದ್ದರೆ ಅದನ್ನೂ ಹೇಳಬೇಕು, ಅವರು ಅಲುಗಾಡಿದ್ದೂ ಕಾಯಿಲೆಯ ಭಾಗವೇ ಇರಬಹುದಲ್ವಾ.

ವರದಿಗೆ 2021ರಲ್ಲಿ ಬಂದ ಎಂಆರ್‌ಎಸ್-ಇನ್-ಎಂಆರ್‌ಎಸ್ ಪಟ್ಟಿ ಇದೆ: ಸ್ಕ್ಯಾನರ್, ಸೀಕ್ವೆನ್ಸ್, ವೋಕ್ಸೆಲ್ ಗಾತ್ರ, ಟಿಇ, ಟಿಆರ್, ಶಿಮ್ ವಿಧಾನ, ಫಿಟ್ ಸಾಫ್ಟ್‌ವೇರ್ ಹೀಗೆ. ಪೇಪರ್ ಕಳಿಸುವ ಹಿಂದಿನ ರಾತ್ರಿ ತುಂಬಲು ಕೂತರೆ ಅರ್ಧ ಖಾನೆ ಖಾಲಿ ಉಳಿಯುತ್ತದೆ. ಅದನ್ನು ಪ್ರಿಂಟ್ ತೆಗೆದು ನೋಟ್‌ಬುಕ್‌ನ ಮೊದಲ ಪುಟಕ್ಕೆ ಅಂಟಿಸಿ, ಮೊದಲ ಫ್ಯಾಂಟಮ್ ಸ್ಕ್ಯಾನ್ ದಿನವೇ ತುಂಬಲು ಶುರುಮಾಡಿ.